ಆಳು ಕೇಳಿದರೆ ಹಾರೆ ಕಳಿಸಿದ ಊರು

ಇಂಗ್ಲೆಂಡಿಗೆ ಹೋಗಿ ಬಂದೆ ಅಂದರೆ ನಮ್ಮ ಗುಮಟಾಪುರದಲ್ಲಿ ಎಲ್ಲರೂ ಕೇಳುವುದು ಒಂದೇ, ರಾಣಿಯ ಅರಮನೆ ನೋಡಿದೆಯಾ ಅಂತ. ಇಲ್ಲ ಕಣ್ರಪ್ಪ, ನೋಡಲಿಲ್ಲ. ನಾನು ನೋಡಿದ್ದು ಒಂದು ಬೀದಿ. ಆ ಬೀದಿಯ ಕಲ್ಲುಹಾಸಿನಲ್ಲಿ ನಾಲ್ಕು ತೂತು. ಆ ತೂತುಗಳನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಉರಿ ತಡೆಯಲಾರದೆ ಇದನ್ನು ಬರೆಯಲು ಕೂತಿದ್ದೇನೆ.

ಸೀನಿದ ನಾಯಿ

ನಾವು ಹೋದದ್ದು ಬಾಣಂತನಕ್ಕೆ. ನಮ್ಮದು ಕನ್ನಡದ ಊರಾದರೂ ಜಿಲ್ಲೆ ತಮಿಳು ಸೀಮೆಯ ಈರೋಡು, ಮಗಳು ರತ್ನ ಅಲ್ಲೇ ನರ್ಸಿಂಗ್ ಓದಿದವಳು. ಅವಳಿಗೂ ಅಳಿಯ ಮಹೇಶನಿಗೂ ಇಂಗ್ಲೆಂಡಿನ ಉತ್ತರದ ಕಡೆ ಒಂದು ನಗರದ ಆಸ್ಪತ್ರೆಯಲ್ಲಿ ಕೆಲಸ. ಊರಿನ ಹೆಸರು ಬರೆಯುವುದಿಲ್ಲ, ಅವರು ಇನ್ನೂ ಅಲ್ಲೇ ಬಾಳಬೇಕು. ಚೊಚ್ಚಲು ಹೆರಿಗೆ. ಮಗಳು ತವರಿಗೆ ಬರುವುದಾಗಲಿಲ್ಲ, ತವರೇ ಅವಳ ಹತ್ತಿರ ಹೋಯಿತು. ತವರು ಅಂದರೆ ನನ್ನ ಹೆಂಡತಿ ಸಿದ್ದಮ್ಮ. ನಾನು ಅವಳ ಗಂಟು ಹೊತ್ತವನು, ಅಷ್ಟೆ.

ಆ ಗಂಟೇ ವಿಮಾನ ನಿಲ್ದಾಣದಲ್ಲಿ ನಮ್ಮ ಮಾನ ಕಳೆಯಿತು. ಪೊಲೀಸಿನವನೊಬ್ಬ ನಾಯಿ ಹಿಡಿದುಕೊಂಡು ಬಂದ. ನಾಯಿ ಗಂಟು ಮೂಸಿತು, ಮೂಸಿದ್ದೇ ಸೀನಿತು. ಇನ್ನೊಮ್ಮೆ ಮೂಸಿತು, ಇನ್ನೊಮ್ಮೆ ಸೀನಿತು. ಗಂಟು ಬಿಚ್ಚಿಸಿದರು. ಒಣಶುಂಠಿ, ಮೆಣಸು, ಓಮ ಹುರಿದು ಕುಟ್ಟಿದ ಬಾಣಂತಿ ಖಾರದ ಪುಡಿ. ಇದೇನು ಅಂತ ಕೇಳಿದ.

“ತಿನ್ ನೋಡಪ್ಪ, ಗೊತ್ತಾಯ್ತದ,” ಅಂತ ಸಿದ್ದಮ್ಮ ಒಂದು ಚಿಟಿಕೆ ತೆಗೆದು ಅವನ ಮೂಗಿನ ಹತ್ತಿರವೇ ಹಿಡಿದಳು. ಅವನೂ ಸೀನಿದ. ನಾನು ಅವಳ ಕೈ ಹಿಂದಕ್ಕೆ ಎಳೆದೆ. ಆದರೆ ಅವನು ಕಣ್ಣೊರೆಸಿಕೊಂಡು ನಕ್ಕು, ಕೈಯಲ್ಲೇ ತೊಟ್ಟಿಲು ತೂಗಿ ತೋರಿಸಿ, ಹೋಗಿ ಅಂದ. ಈ ದೇಶದ ಜನ ಒಳ್ಳೆಯವರು ಅಂದುಕೊಂಡೆ. ಜನ ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ನನ್ನ ಜಗಳ ಜನರ ಮೇಲಲ್ಲ.

ಮಗಳ ಮನೆಯ ಮುಂದೆ

ಕೆಂಪು ಇಟ್ಟಿಗೆಯ ಮನೆಗಳು, ಒಂದಕ್ಕೊಂದು ಅಂಟಿಕೊಂಡು ಬೀದಿಯುದ್ದಕ್ಕೂ. ಬಾಗಿಲು ತೆಗೆದರೆ ನೇರ ಬೀದಿ. ನಾವು ಹೋದ ಮೂರನೇ ವಾರಕ್ಕೆ ಮೊಮ್ಮಗಳು ಹುಟ್ಟಿದಳು. ಸಿದ್ದಮ್ಮ ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿದದ್ದೇ ತಡ, ಸೂರಿನಲ್ಲಿದ್ದ ಡಬ್ಬಿಯೊಂದು ಕಿವಿ ಕಿತ್ತುಹೋಗುವ ಹಾಗೆ ಅರಚಲು ಶುರುಮಾಡಿತು. ಮಹೇಶ ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ಕೂಸು ಎದ್ದಿತ್ತು, ಬಾಣಂತಿ ಅಳುತ್ತಿದ್ದಳು, ಬೈಗುಳ ಮಾತ್ರ ನನಗೆ ಬಿತ್ತು.

“ಗಂಡಸ್ರು ಒಳಗ ನಿಂತ್ಕಂಡು ಏನ್ ಮಾಡೀರಿ? ಈಚ್ಗೋಗಿ ಕೂತ್ಕಳಿ!”

ಅಡುಗೆಮನೆಯ ಕುರ್ಚಿಯೊಂದನ್ನು ಬಾಗಿಲಾಚೆ ಹಾಕಿಕೊಂಡು ಕೂತೆ. ಬೇಸಿಗೆ, ರಾತ್ರಿ ಊಟದ ಹೊತ್ತಾದರೂ ಬೆಳಕು. ನಮ್ಮೂರಲ್ಲಾಗಿದ್ದರೆ ಆ ಹೊತ್ತಿಗೆ ಜಗಲಿ ಮೇಲೆ ಜಾಗ ಇರುತ್ತಿರಲಿಲ್ಲ. ಬೀದಿಯಲ್ಲಿ ಹೋಗುವವರನ್ನೆಲ್ಲ “ಎತ್ತಗ ಒಂಟ್ರಿ?” ಅಂತ ಕೇಳುತ್ತೇವೆ. ಅವರು “ಇಲ್ಲೇ” ಅನ್ನುತ್ತಾರೆ. ಎಲ್ಲಿ ಅಂತ ಅವರೂ ಹೇಳುವುದಿಲ್ಲ, ನಮಗೂ ಬೇಕಾಗಿಲ್ಲ. ನಿನ್ನನ್ನು ನೋಡಿದೆ ಕಣಪ್ಪ, ನೀನು ಇತ್ತ ಹೋದದ್ದು ನನಗೆ ಗೊತ್ತು, ಅಷ್ಟೇ ಅದರ ಅರ್ಥ.

ಅದೇ ಅಭ್ಯಾಸದಲ್ಲಿ ಅಲ್ಲೂ ಶುರು ಹಚ್ಚಿಕೊಂಡೆ. ಐದು ವರ್ಷ ವಾರ್ಡ್ ಮೆಂಬರ್ ಆಗಿದ್ದವನು, ಬೀದಿ ಅಂದರೆ ಮಾತಾಡಬೇಕು ಅಂತಲೇ ತಿಳಿದವನು. “ವೇರ್ ಗೋಯಿಂಗ್?” ಅಂದೆ. ಕೂಸಿನ ಗಾಡಿ ತಳ್ಳುತ್ತಿದ್ದ ಹೆಂಗಸು ಬಿರಬಿರನೆ ನಡೆದುಬಿಟ್ಟಳು. ನಾಯಿ ಹಿಡಿದವನು ರಸ್ತೆ ದಾಟಿ ಆಚೆ ಬದಿಗೆ ಹೋದ. ಟೋಪಿ ಮುಖದವರೆಗೆ ಎಳೆದುಕೊಂಡಿದ್ದ ಪಡ್ಡೆಗಳು ನಾಲ್ಕೈದು ಜನ “ವೇರ್ ಗೋಯಿಂಗ್, ವೇರ್ ಗೋಯಿಂಗ್” ಅಂತ ನನ್ನನ್ನೇ ಅಣಕಿಸಿಕೊಂಡು ಹೋದರು. ಅಣಕಿಸಲಿ, ಮಾತಾದರೂ ಆಡಿದರಲ್ಲ!

ನಿಂತು ಉತ್ತರ ಕೊಟ್ಟವನು ಒಬ್ಬನೇ. ಎಪ್ಪತ್ತು ದಾಟಿದ ಮುದುಕ, ಕೈಯಲ್ಲಿ ಕೋಲು, ಬಗಲಲ್ಲಿ ಚೀಲ. “ಅಂಗಡಿಗೆ,” ಅಂದ. “ವಾಟ್ ಬೈಯಿಂಗ್?” ಅಂದೆ. “ಬ್ರೆಡ್ಡು. ಬೆಕ್ಕಿಗೆ ಮೀನು.” ಹೆಸರು ಆರ್ಥರ್. ಸಿದ್ದಮ್ಮನ ಬಾಯಲ್ಲಿ ಅವನು ಆವತ್ತೇ ಆರ್ತಣ್ಣ ಆದ. ಮಾತಾಡುತ್ತ ಅವನ ಕಣ್ಣು ನನ್ನ ಕುರ್ಚಿಯ ಮೇಲೇ ಇತ್ತು. ಎದ್ದು ಕೂರಿಸಿದೆ. ಕೂತವನು ಬಿಟ್ಟ ಉಸಿರು ನನಗೆ ಇನ್ನೂ ಕೇಳಿಸುತ್ತದೆ.

ಅವನೇ ಕೋಲೆತ್ತಿ ಎದುರು ಬದಿಯ ಆ ನಾಲ್ಕು ತೂತು ತೋರಿಸಿದ್ದು. ಅಲ್ಲೊಂದು ಬೆಂಚು ಇತ್ತಂತೆ. ಅವನ ಮನೆ ಬೀದಿಯ ಈ ತುದಿ, ಅಂಗಡಿ ಆ ತುದಿ, ಬೆಂಚು ನಟ್ಟನಡುವೆ. ಆಯಸ್ಸೆಲ್ಲ ಆ ಊರಿನ ಬಸ್ಸು ಓಡಿಸಿ ಮಂಡಿ ಸವೆದುಹೋದವನು. ಬೆಂಚಿನ ಮೇಲೆ ಸ್ವಲ್ಪ ಕೂತರೆ ಮಾತ್ರ ಅಂಗಡಿ ಮುಟ್ಟುತ್ತಿದ್ದ, ಬರುವಾಗ ಮತ್ತೆ ಕೂತರೆ ಮನೆ ಮುಟ್ಟುತ್ತಿದ್ದ. ಹೆಂಡತಿ ಸತ್ತಿದ್ದಾಳೆ, ಮಕ್ಕಳಿಲ್ಲ. ದಿನಕ್ಕೊಮ್ಮೆ ಅಂಗಡಿಗೆ ಹೋಗಿ ಬರುವುದೇ ಅವನಿಗೆ ಊರು, ಜನ, ಎಲ್ಲ.

“ಯಾಕೆ ಕಿತ್ತರಂತೆ?” ಅಂತ ರಾತ್ರಿ ಊಟಕ್ಕೆ ಕೂತಾಗ ಮಹೇಶನನ್ನು ಕೇಳಿದೆ.

“ಹುಡುಗ್ರು ಅಲ್ಲಿ ಕೂತು ಕುಡಿತಿದ್ರು ಮಾವ. ಬಾಟ್ಲು ಒಡಿಯದು, ಕಿರುಚಾಡದು. ಯಾರೋ ಫೋನ್ ಮಾಡಿ ಕಂಪ್ಲೇಂಟ್ ಕೊಟ್ರು. ನಗರಸಭೆಯೋರು ಬಂದು ಬೆಂಚ್ ಕಿತ್ಕಂಡೋದ್ರು.”

“ಹುಡುಗ್ರು ಎದ್ದೋದ್ರಾ?”

“ಎಲ್ಗೋದರು? ಬಸ್ ಸ್ಟಾಪಲ್ಲಿ ನಿಂತ್ಕಂಡು ಕುಡೀತಾರ.”

ಇದು ಯಾವ ಸೀಮೆ ಬುದ್ಧಿ! ನಮ್ಮೂರ ಕಡೆಯ ತಿಗನಾರೆ ಹಳ್ಳಿಯ ಹೊಲಗಳಿಗೆ ಆನೆ ನುಗ್ಗುತ್ತದೆ. ಆನೆ ಬರುತ್ತದೆ ಅಂತ ಯಾರಾದರೂ ರಾಗಿ ಪೈರು ಕಿತ್ತು ಬಿಸಾಡುತ್ತಾರೆಯೇ? ಅಟ್ಟಣೆ ಕಟ್ಟಿ ಸರದಿ ಮೇಲೆ ಕಾಯುತ್ತಾರೆ. ಈ ಹೊಲದವನು ಕೂಗಿದರೆ ಆ ಹೊಲದವನು ಓಗೊಡುತ್ತಾನೆ. ಕಾವಲು ಅಂದರೆ ಅದು. ಜನ ಎದ್ದುಹೋದ ಮೇಲೆ ಕಾಯುವುದೇನನ್ನು, ಮಣ್ಣನ್ನೇ?

ಕಂಬದ ಮೇಲಿನ ನಂಬರು

ಬೆಂಚು ಕಿತ್ತ ಜಾಗದ ಪಕ್ಕದ ದೀಪದ ಕಂಬಕ್ಕೆ ಒಂದು ಬೋರ್ಡು ಹೊಡೆದಿದ್ದರು. ರತ್ನ ಓದಿ ಹೇಳಿದಳು. ಬೀದಿಯಲ್ಲಿ ಪುಂಡಾಟ ಕಂಡರೆ ಈ ನಂಬರಿಗೆ ಫೋನ್ ಮಾಡಿ, ನಿಮ್ಮ ಹೆಸರು ಹೇಳಬೇಕಾಗಿಲ್ಲ.

ಹೆಸರು ಹೇಳಬೇಕಾಗಿಲ್ಲ! ನಾನು ಗುಮಟಾಪುರದವನು. ದೀಪಾವಳಿ ಮುಗಿದ ಮೇಲೆ ನಮ್ಮ ಬೀರೇಶ್ವರನ ಗುಡಿಯ ಹತ್ತಿರ ಗೊರೆಹಬ್ಬ. ಊರಿನ ಸಗಣಿಯೆಲ್ಲ ತಂದು ಗುಡ್ಡೆ ಹಾಕಿ, ಗಂಡಸರು ಒಬ್ಬರಿಗೊಬ್ಬರು ಉಂಡೆ ಕಟ್ಟಿ ಹೊಡೆದುಕೊಂಡು ಆಡುತ್ತೇವೆ. ಅದಕ್ಕೂ ಮೊದಲು ಒಬ್ಬನಿಗೆ ಹುಲ್ಲಿನ ಗಡ್ಡ ಮೀಸೆ ಕಟ್ಟಿ, ಕತ್ತೆ ಮೇಲೆ ಕೂರಿಸಿ, ಬೀದಿಯುದ್ದಕ್ಕೂ ಬಾಯಿಗೆ ಬಂದ ಹಾಗೆ ಬೈದುಕೊಂಡು ಮೆರವಣಿಗೆ ಮಾಡುತ್ತೇವೆ. ಅವನೇ ಚಾಡಿಕೋರ. ಎದುರಿಗೆ ನಿಂತು ಮಾತಾಡದೆ ಹಿಂದಿನಿಂದ ಚಾಡಿ ಹೇಳುವವನಿಗೆ ನಮ್ಮೂರು ಮಾಡುವ ಮರ್ಯಾದೆ ಅದು. ಆ ಊರಲ್ಲಿ ನೋಡಿದರೆ ಚಾಡಿಗೆಂದೇ ಫೋನು, ಫೋನಿಗೊಂದು ಬೋರ್ಡು, ಬೋರ್ಡಿಗೊಂದು ಕಂಬ.

ಮಾರನೇ ಸಂಜೆ ಆರ್ಥರ್ ಬಂದು ಕೂತಾಗ ಇದನ್ನೆಲ್ಲ ನನ್ನ ಕುಂಟು ಇಂಗ್ಲಿಷಿನಲ್ಲಿ ಹೇಳಿದೆ. ಮಾತು ಸಾಲದೆ ಹೋದಾಗ ಕತ್ತೆಯನ್ನು ಅಭಿನಯಿಸಿ ತೋರಿಸಿದೆ. ಅವನು ಕೆಮ್ಮು ಬರುವವರೆಗೆ ನಕ್ಕ.

“ನಿನ್ನ ಬೆಂಚಿನ ಮೇಲೆ ಚಾಡಿ ಹೇಳಿದನಲ್ಲ, ಆ ಪುಣ್ಯಾತ್ಮ ಯಾರು ಅಂತ ಒಂದು ಸಲ ಗೊತ್ತಾಗಲಿ,” ಅಂದೆ. “ಕತ್ತೆ ನಾನೇ ಹುಡುಕಿ ತರ್ತೀನಿ.”

ಅವನ ನಗು ನಿಂತುಹೋಯಿತು. ಕೋಲು ಎತ್ತಿಕೊಂಡು ಅಂಗಡಿಯ ಕಡೆ ಹೋಗದೆ ಮನೆಗೆ ತಿರುಗಿಬಿಟ್ಟ. ಮಂಡಿ ನೋಯುತ್ತಿರಬೇಕು ಅಂದುಕೊಂಡೆ.

ಹಳದಿ ಜಾಕೀಟು

ಅದಾದ ವಾರದಲ್ಲೇ ಮನೆ ಬಾಗಿಲಿಗೆ ಹಳದಿ ಜಾಕೀಟು ಹಾಕಿದವನೊಬ್ಬ ಬಂದ. ಪೊಲೀಸಲ್ಲ, ನಗರಸಭೆಯ ಕಡೆಯವನು, ಬೀದಿ ಸುತ್ತುವುದು ಅವನ ಕೆಲಸ. ಹಸಿ ಬಾಣಂತಿ ರತ್ನ ಕೂಸನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತು ಅವನ ಮಾತು ನನಗೆ ಹೇಳಬೇಕಾಯಿತು. ಕಂಪ್ಲೇಂಟ್ ಬಂದಿದೆಯಂತೆ. ಕುರ್ಚಿ ನಡೆಯುವವರಿಗೆ ಅಡ್ಡ. ಕುರ್ಚಿಯಲ್ಲಿ ಕೂತವನು ಎಲ್ಲಿಗೆ ಹೋಗುತ್ತೀರಿ ಅಂತ ಹೋಗಿಬರುವವರನ್ನೆಲ್ಲ ವಿಚಾರಿಸುತ್ತಾನೆ, ಜನಕ್ಕೆ ಗಾಬರಿ ಆಗುತ್ತಿದೆ.

“ಯಾರಪ್ಪ ಹೇಳಿದ್ದು? ಕರಿ, ಇಲ್ಲೇ ಮಾತಾಡಣ.”

ಅದನ್ನು ಹೇಳುವ ಹಾಗಿಲ್ಲವಂತೆ.

“ಬಾಟ್ಲು ಒಡೆದೋರು ಬಸ್ ಸ್ಟಾಪಲ್ಲವ್ರೆ, ಕುರ್ಚಿ ಮೇಲೆ ಕೂತ ಮುದುಕ ನಿನ್ನ ಕಣ್ಗ ಬಿದ್ನಾ?”

ರತ್ನ ಈ ಮಾತನ್ನು ಇಂಗ್ಲಿಷಿಗೆ ತರಲಿಲ್ಲ. ಅವನಿಗೆ ಏನೋ ನಯವಾಗಿ ಹೇಳಿ ಕಳಿಸಿದಳು. ಬಾಗಿಲು ಹಾಕಿದ ಮೇಲೆ ನನ್ನ ಮುಖ ನೋಡದೆ, “ಸುಮ್ಕಿರಪ್ಪ. ನೀನು ನಾಳೆ ಎದ್ದು ಊರ್ಗೋಯ್ತೀಯೆ. ಇವ್ರ ಮಧ್ಯೆ ಬಾಳ್ಬೇಕಾದೋರು ನಾವು,” ಅಂದಳು. ಬಾಡಿಗೆ ಮನೆ ಅವರದು. ಬಾಯಿ ಮುಚ್ಚಿಕೊಂಡು ಕುರ್ಚಿ ಒಳಗೆ ತಂದಿಟ್ಟೆ. ನನಗೆ ಆದ ಅವಮಾನಕ್ಕಿಂತ ಅವಳ ದನಿಯಲ್ಲಿದ್ದ ಹೆದರಿಕೆಗೆ ನನಗೆ ಹೆಚ್ಚು ಸಿಟ್ಟು ಬಂತು.

ಕುರ್ಚಿ ಹೋಯಿತಲ್ಲ, ಆರ್ಥರ್‌ಗೆ ಬೀದಿಯೂ ಹೋಯಿತು. ಎರಡು ದಿನ ಬಿಟ್ಟು ಕಿಟಕಿಯಲ್ಲಿ ನೋಡುತ್ತೇನೆ, ಬೆಂಚಿದ್ದ ಜಾಗದಲ್ಲಿ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಸಿದು ಕೂತಿದ್ದಾನೆ, ಕಾಲು ರಸ್ತೆಯಲ್ಲಿ, ಚೀಲ ಪಕ್ಕದಲ್ಲಿ ಉರುಳಿ ಬ್ರೆಡ್ಡು ಹೊರಬಿದ್ದಿದೆ. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಹಳದಿ ಜಾಕೀಟು ಬಂದಾಯಿತು. ಯಾರೋ ಪುಣ್ಯವಂತರು ಕುಡುಕನೊಬ್ಬ ರಸ್ತೆಯಲ್ಲಿ ಬಿದ್ದಿದ್ದಾನೆ ಅಂತ ಫೋನ್ ಮಾಡಿದ್ದರು. ಅವನು ಬಗ್ಗಿ ಆರ್ಥರ್‌ನ ಬಾಯಿ ಮೂಸಿ ನೋಡಿದ! ವಿಮಾನ ನಿಲ್ದಾಣದ ನಾಯಿ ನಮ್ಮ ಗಂಟು ಮೂಸಿದ ಹಾಗೆ! ಜನ್ಮವಿಡೀ ಆ ಊರಿನವರನ್ನು ಬಸ್ಸಿನಲ್ಲಿ ಹೊತ್ತು ತಿರುಗಿದ ಮನುಷ್ಯನಿಗೆ, ಇಲ್ಲಿ ಕೂರಬೇಡ, ಎದ್ದು ನಡಿ ಅಂದ.

ನಾನು ಬರಿಗಾಲಲ್ಲೇ ಓಡಿದೆ. ಕನ್ನಡದಲ್ಲೇ ಬೈದೆ, ಉಸಿರು ಕಟ್ಟಿದಾಗ ತಮಿಳಿನಲ್ಲೂ ಬೈದೆ. ಆರ್ಥರ್‌ನ ತೋಳು ನನ್ನ ಹೆಗಲಿಗೆ ಹಾಕಿಕೊಂಡು ಅವನ ಮನೆಗೆ ಬಿಟ್ಟೆ. ಬಾಗಿಲಲ್ಲಿ ಅವನು ಹೇಳಿದ್ದು ಒಂದೇ, ಇನ್ನು ಅಂಗಡಿಗೆ ಬರುವುದಿಲ್ಲ, ಮುಗಿಯಿತು.

ಸಭೆ

ಬೀದಿಯವರನ್ನೆಲ್ಲ ಸೇರಿಸಿ ನಗರಸಭೆಯವರು ಒಂದು ಸಭೆ ಮಾಡುತ್ತಾರೆ ಅಂತ ಮಹೇಶ ಹೇಳಿದ. ಊರನ್ನು ಸುರಕ್ಷಿತ ಮಾಡುವುದು ಹೇಗೆ ಅಂತ ಚರ್ಚೆಯಂತೆ. ದಿಂಬಂ ಘಾಟಿ ಇಳಿದು ಈರೋಡಿಗೆ ಹೋಗಿ ಕಲೆಕ್ಟರ್ ಆಫೀಸಿನ ಮುಂದೆ ಮನು, ಅಂದರೆ ಅರ್ಜಿ, ಹಿಡಿದು ಬಿಸಿಲಲ್ಲಿ ನಿಂತವನು ನಾನು, ಆಫೀಸಿನವರೇ ಬೀದಿಗೆ ಬರುತ್ತಾರೆ ಅಂದರೆ ಬಿಡುತ್ತೇನೆಯೇ? ಆರ್ಥರ್‌ನನ್ನೂ ಬಲವಂತದಿಂದ ಹೊರಡಿಸಿಕೊಂಡು ಮಹೇಶನ ಕಾರಿನಲ್ಲಿ ಹೋದೆ.

ಶಾಲೆಯ ಹಜಾರ. ಟೀ, ಬಿಸ್ಕತ್ತು. ಅಧಿಕಾರಿ ಹೆಂಗಸು ಗೋಡೆಯ ಮೇಲೆ ಎರಡು ಚಿತ್ರ ಬಿಟ್ಟಳು. ಒಂದರಲ್ಲಿ ನಮ್ಮ ಬೀದಿ, ಬೆಂಚು, ಬೆಂಚಿನ ಮೇಲೆ ಪಡ್ಡೆಗಳು, ಆಚೆ ಒಂದು ನಾಯಿ, ಮಾತಾಡುತ್ತ ನಿಂತ ಇಬ್ಬರು ಹೆಂಗಸರು. ಇನ್ನೊಂದರಲ್ಲಿ ಅದೇ ಬೀದಿ, ನರಪಿಳ್ಳೆ ಇಲ್ಲ. ಆ ಎರಡನೆಯದನ್ನು ತೋರಿಸಿ ಅವಳು ಹೆಮ್ಮೆಯಿಂದ ನಕ್ಕಳು. ಮಸಣಕ್ಕೆ ಸುಣ್ಣ ಹೊಡೆದು ತೋರಿಸಿದಂತಿತ್ತು.

ಎದ್ದು ನಿಂತೆ. ಮಹೇಶ ನನ್ನ ಅಂಗಿ ಎಳೆದ, ನಾನು ಕೂರಲಿಲ್ಲ. ಬೆಂಚಿನ ಕಥೆ, ಕುರ್ಚಿಯ ಕಥೆ, ಬಾಯಿ ಮೂಸಿದ ಕಥೆ, ಎಲ್ಲ ಹೇಳಿದೆ. ನಾನು ಮಾರುದ್ದ ಹೇಳಿದರೆ ಮಹೇಶ ಗೇಣುದ್ದ ಇಂಗ್ಲಿಷ್ ಮಾಡಿದ. “ಪೂರ್ತಿ ಏಳ್ಲಾ!” ಅಂತ ಗದರಿದ ಮೇಲೆ ಪೂರ್ತಿ ಹೇಳಿದ. ಆಮೇಲೆ ಗೊರೆಹಬ್ಬದ ಮಾತು ತೆಗೆದೆ. ಹೆಸರಿಲ್ಲದೆ ಫೋನ್ ಮಾಡಿ ಬೆಂಚು ಕೀಳಿಸಿದವನು ಈ ಹಜಾರದಲ್ಲಿದ್ದರೆ ಎದ್ದು ನಿಲ್ಲಲಿ, ನಮ್ಮೂರಲ್ಲಾದರೆ ಅವನನ್ನು ಕತ್ತೆ ಹತ್ತಿಸಿ ಸಗಣಿ ಗುಡ್ಡೆಗೆ ಕರೆದೊಯ್ಯುತ್ತಿದ್ದೆವು ಅಂದೆ. ಜನ ಗೊಳ್ಳೆಂದು ನಕ್ಕರು. ಅಧಿಕಾರಿಯೂ ನಕ್ಕು, ಬಹಳ ಚೆನ್ನಾದ ಸಂಪ್ರದಾಯ ಅಂದಳು.

ನಗು ಇನ್ನೂ ಮುಗಿದಿರಲಿಲ್ಲ. ನನ್ನ ಪಕ್ಕದಲ್ಲಿ ಆರ್ಥರ್ ಕೋಲೂರಿ ಎದ್ದ.

“ಕತ್ತೆ ತರಿಸಿ,” ಅಂದ. “ಹತ್ತಬೇಕಾದವನು ನಾನೇ.”

ಅವನು ನಿಧಾನವಾಗಿ ಮಾತಾಡಿದ, ಮಹೇಶ ನನ್ನ ಕಿವಿಯಲ್ಲಿ ಹೇಳುತ್ತ ಹೋದ. ಫೋನ್ ಮಾಡಿದ್ದು ಅವನೇ. ಹುಡುಗರು ಒಡೆದ ಬಾಟ್ಲಿಯ ಚೂರಿನಿಂದ ಅವನ ಬೆಕ್ಕಿನ ಕಾಲು ಕುಯ್ದಿತ್ತು. ಆ ಹುಡುಗರು ಗೊತ್ತಿಲ್ಲದವರಲ್ಲ, ಅವನದೇ ಬಸ್ಸಿನಲ್ಲಿ ಶಾಲೆಗೆ ಹೋದವರು. ಹೆಸರು ಹೇಳಿದರೆ ಕಿಟಕಿ ಗಾಜು ಒಡೆಯುತ್ತಾರೆಂಬ ಹೆದರಿಕೆಯಿಂದ ಹೆಸರು ಹೇಳಲಿಲ್ಲ. ಅವನು ಫೋನಿನಲ್ಲಿ ಕೇಳಿದ್ದು ಇಷ್ಟೇ. ಸಂಜೆ ಹೊತ್ತು ಯಾರಾದರೂ ಒಬ್ಬರು ಬಂದು ಅಲ್ಲಿ ನಿಲ್ಲಿ, ಆ ಹುಡುಗರ ಹತ್ತಿರ ಮಾತಾಡಿ ಅಂತ.

“ಮಾರನೇ ವಾರ ಗಾಡಿ ಬಂತು,” ಅಂದ. “ನಾನು ಕಾಫಿ ಮಾಡಿಕೊಟ್ಟೆ, ನನ್ನ ಮಾತು ಕೇಳಿ ಬಂದರಲ್ಲ ಅಂತ. ಅವರು ಕಾಫಿ ಕುಡಿದು ನನ್ನ ಬೆಂಚು ಕಿತ್ತರು.”

ಇಷ್ಟು ದಿನ ನನ್ನ ಪಕ್ಕದಲ್ಲಿ ಕೂತವನನ್ನೇ ನಾನು ಬೈಯುತ್ತಿದ್ದೆ, ಅವನು ಕೇಳಿಸಿಕೊಂಡು ಕೂತಿದ್ದ. ಒಬ್ಬಂಟಿ ಮುದುಕನಿಗೆ ಹೆಸರು ಹೇಳಲು ಎಷ್ಟು ಭಯ ಇರಬಹುದು ಅಂತ ನನಗೆ ಹೊಳೆದಿರಲೇ ಇಲ್ಲ. ಆದರೆ ನನ್ನ ಸಿಟ್ಟು ಇಳಿಯಲಿಲ್ಲ, ಹೋಗಬೇಕಾದ ಕಡೆಗೆ ತಿರುಗಿತು.

“ಆಳು ಕೇಳುದ್ರೆ ಆರೆ ಕಳ್ಸುದ್ರಲ್ರೀ!” ಅಂತ ಕೂಗಿದೆ. ಹಾರೆ ಹಾಕಿ ಮೀಟುವುದನ್ನು ಕೈಯಲ್ಲಿ ಮಾಡಿ ತೋರಿಸಿದೆ. “ಬಂದು ನಿಂತ್ಕಳಿ ಅಂದೋನ್ಗೆ, ಕೂರೋ ಜಾಗ ಕಿತ್ಬುಟ್ಟು ಓದ್ರಲ್ಲ! ಉಡುಗ್ರ ಜೊತೇಲಿ ಒಂದ್ ಮಾತ್ ಆಡಕ್ಕೆ ಇಡೀ ಊರಲ್ಲಿ ಒಬ್ಬ ಮನುಷ್ಯ ಇರ್ನಿಲ್ವಾ?”

ಅಧಿಕಾರಿ ಇದನ್ನು ಪರಿಶೀಲಿಸುತ್ತೇವೆ ಅಂದಳು. ಪರಿಶೀಲಿಸುತ್ತೇವೆ ಅನ್ನುವ ಮಾತು ಎಲ್ಲ ದೇಶದಲ್ಲೂ ಒಂದೇ ದನಿಯಲ್ಲಿ ಬರುತ್ತದೆ. ಟೀ ಆರಿಹೋಗಿತ್ತು.

ಮೆಣಸಿನ ಸಾರು

ಅದಾದ ಮೇಲೆ ಆರ್ಥರ್ ಮುಖ ತೋರಿಸಲಿಲ್ಲ. ಬಾಗಿಲು ತಟ್ಟಿದರೆ ತೆಗೆಯುತ್ತಿರಲಿಲ್ಲ, ಕಿಟಕಿಯಲ್ಲಿ ಬೆಕ್ಕು ಮಾತ್ರ ಕೂತಿರುತ್ತಿತ್ತು. ನಾನು ಮಂಕಾಗಿ ಕೂತದ್ದು ನೋಡಿ ಸಿದ್ದಮ್ಮ ಒಂದು ಡಬ್ಬಿಯಲ್ಲಿ ಬಾಣಂತಿಗೆ ಮಾಡಿದ ಮೆಣಸಿನ ಸಾರು ತುಂಬಿ ನನ್ನ ಕೈಗೆ ಕೊಟ್ಟಳು.

“ನಮ್ಮೂರಲ್ಲಿ ಕತ್ತೆ ಹತ್ದೋನು ಏನ್ ಮಾಡ್ತಾನ? ಕೆರೇಲಿ ಮಿಂದು ಮನಗ ಬಂದು ಎಲ್ರ ಜೊತೇಲಿ ಉಣ್ಣಲ್ವ? ಬಾಗ್ಲಾಕ್ಕಂಡು ಕೂತ್ಕತಾನ? ಓಗಿ, ಇಂಗಂತ ಏಳಿ ಆರ್ತಣ್ಣನ್ಗೆ.”

ಬಾಗಿಲ ಮುಂದೆ ನಿಂತು, ನಾವು ಆನೆ ಕಾಯುವಾಗ ಅಟ್ಟಣೆಯಿಂದ ಹಾಕುವ ಕೂಗು ಹಾಕಿದೆ. ಬೀದಿಯ ಪರದೆಗಳೆಲ್ಲ ಅಲುಗಾಡಿದವು. ಇನ್ನೊಂದು ಕಂಪ್ಲೇಂಟ್ ಹೋದರೆ ಹೋಗಲಿ! ಕೊನೆಗೆ ಬಾಗಿಲು ತೆರೆಯಿತು. ಸಿದ್ದಮ್ಮ ಹೇಳಿದ್ದನ್ನೇ ಹೇಳಿದೆ. ಅವನು ಸಾರು ಕುಡಿದು ಕೆಮ್ಮಿದ, ಕಣ್ಣಲ್ಲಿ ಮೂಗಲ್ಲಿ ನೀರು.

“ಕತ್ತೆ ಎಲ್ಲಿ?” ಅಂದ.

“ಸಿಕ್ಕಲಿಲ್ಲ. ಅದಕ್ಕೇ ನಾನು ಬಂದೆ.”

ಆವತ್ತಿನಿಂದ ನಾವು ಹೊರಡುವವರೆಗೂ ಅವನು ನನ್ನ ಹೆಗಲು ಹಿಡಿದು ಅಂಗಡಿಗೆ ಹೋದ. ಆ ನಾಲ್ಕು ತೂತಿನ ಹತ್ತಿರ ನಾನು ನಿಲ್ಲುತ್ತಿದ್ದೆ, ಅವನು ಪೂರ್ತಿ ಭಾರ ನನ್ನ ಮೇಲೆ ಬಿಟ್ಟು ಸುಧಾರಿಸಿಕೊಳ್ಳುತ್ತಿದ್ದ. ಬಸ್ ಸ್ಟಾಪಿನ ಪಡ್ಡೆಗಳು “ವೇರ್ ಗೋಯಿಂಗ್?” ಅಂತ ಕೂಗಿದರೆ ನಾನು “ಇಲ್ಲೇ” ಅಂತ ಕೂಗುತ್ತಿದ್ದೆ. ಅವರಲ್ಲೊಬ್ಬ ಹುಡುಗ ಒಂದು ದಿನ ಆರ್ಥರ್‌ನ ಚೀಲವನ್ನು ಮನೆವರೆಗೆ ತಂದುಕೊಟ್ಟ. ಹಳದಿ ಜಾಕೀಟಿನವನು ಅದನ್ನು ನೋಡಲಿಲ್ಲ, ನೋಡಬೇಕಾದ್ದನ್ನು ಅವನು ಯಾವತ್ತೂ ನೋಡಲಿಲ್ಲ.

ಗೊರೆಹಬ್ಬ

ದೀಪಾವಳಿಗೆ ಮೊದಲು ಊರಿಗೆ ಬಂದೆವು. ಗೊರೆಹಬ್ಬದ ಹಿಂದಿನ ದಿನ ರತ್ನಳ ಫೋನು ಬಂತು. ಮೊದಲು ಕೂಸಿನ ವಿಷಯ ಹೇಳಿದಳು, ಆಮೇಲೆ ನಾನೇ ಕೇಳಿದೆ. ಬೆಂಚು ಬಂದಿಲ್ಲ. ಅವಳಿಗೂ ಮಹೇಶನಿಗೂ ಪಾಳಿ ಕೆಲಸ, ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತದೆ. ಆರ್ತಣ್ಣ ಈಗ ಮನೆಯಿಂದ ಹೊರಗೇ ಬರುವುದಿಲ್ಲ. ಬ್ರೆಡ್ಡು, ಮೀನು ಎಲ್ಲ ವಾರಕ್ಕೊಮ್ಮೆ ಗಾಡಿಯವನು ಬಾಗಿಲಲ್ಲಿ ಇಟ್ಟು ಹೋಗುತ್ತಾನೆ.

“ನಗರಸಭೆಯೋರು ಮನೆಮನೆಗೂ ಬಂದು ಹೇಳಿ ಹೋದ್ರಪ್ಪ,” ಅಂದಳು. “ನಮ್ಮ ಬೀದಿಯಿಂದ ಈಗ ಕಂಪ್ಲೇಂಟೇ ಬರಲ್ವಂತೆ. ತುಂಬ ಸುರಕ್ಷಿತ ಆಗದಂತೆ.”

ಮಾರನೇ ದಿನ ಗುಡಿಯ ಹತ್ತಿರ ಸಗಣಿ ಗುಡ್ಡೆ ಬಿದ್ದಿತ್ತು. ಚಾಡಿಕೋರ ಹುಲ್ಲಿನ ಗಡ್ಡ ಕಟ್ಟಿಕೊಂಡು ಕತ್ತೆ ಮೇಲೆ ಬಂದ, ಊರಿಗೆ ಊರೇ ಅವನನ್ನು ಬೈಯಲು ಶುರುಮಾಡಿತು. ನಾನೂ ಬಾಯಿ ತೆರೆದೆ. ಗಡ್ಡದ ಹಿಂದೆ ನನಗೆ ಕಂಡದ್ದು ಕೋಲೂರಿ ನಿಂತ ಆರ್ಥರ್‌ನ ಮುಖ. ಅವನಿಗೆ ಬೈಯಲು ನನ್ನಿಂದ ಆಗಲಿಲ್ಲ. ಕತ್ತೆಗೆ ಬೆನ್ನು ಹಾಕಿ, ಬೆಟ್ಟದ ಕಡೆ ತಿರುಗಿ ನಿಂತು ಕೂಗಿದೆ.

“ಆಳು ಕೇಳುದ್ರೆ ಆರೆ ಕಳ್ಸುದ್ರಲ್ರೋ!”

ಪಕ್ಕದ ಹೊಲದ ಚಿಕ್ಕಮಾದ ನನ್ನನ್ನು ಅಚ್ಚರಿಯಿಂದ ನೋಡಿದ. “ಚಾಡಿಕೋರ ಇತ್ತಗವ್ನೆ ಕಣಣ್ಣ. ನೀನ್ಯಾರ್ಗ ಬಯ್ತಿದ್ದೀಯೆ?”

“ಅವ್ರು ಇಲ್ಲಿಲ್ಲ ಕಣ್ಲಾ. ಬೋ ದೂರದಲ್ಲವ್ರೆ.”

“ದೂರದಲ್ಲವ್ರಾ?” ಅಂದ ಚಿಕ್ಕಮಾದ, ಕೈಯಲ್ಲಿದ್ದ ಸಗಣಿ ಉಂಡೆ ಕೆಳಗಿಟ್ಟು ನನ್ನ ಪಕ್ಕದಲ್ಲೇ ಬೆಟ್ಟದ ಕಡೆ ತಿರುಗಿ ನಿಂತ. “ಅಂಗಾರೆ ಇನ್ನೂ ಜೋರಾಗಿ ಬಯ್ಯಬೇಕಲ್ಲಣ್ಣ. ಏಳ್ಕೊಡು, ಏನಂತ ಬಯ್ಯದು?”